ಒಂದರಿಂದ ಐದರೊಳಗೆ

ಬಾ ಮಗಳೇ, ಕೂತುಕೋ. ಬೆಂಚು ತಣ್ಣಗಿದೆ, ನನ್ನ ಶಾಲು ಹಾಸಿಕೋ.
ಅಕಿತಾ ಪೇಟೆಯಿಂದ ಎರಡು ಬಸ್ಸು ಬದಲಿಸಿ ಬಂದಿದ್ದೀಯ,
ಏನು ಕೇಳಬೇಕೋ ಕೇಳು.
ಆದರೆ ನಾಲ್ಕನೆಯ ಚೆಂಡನ್ನು ಕೂಗಿದರೆ
ನಾನು ಎದ್ದೆ. ಮಾತು ಅರ್ಧಕ್ಕೇ ನಿಂತರೂ ಎದ್ದೆ.

ಹೆಸರು ಹತ್ಸುಯೊ. ಎಂಬತ್ತಮೂರು.
ವಿಳಾಸ ಬೇಡ, ಈ ಕಣಿವೆಯಲ್ಲಿ ಅಂಚೆಯವನು
ನಮ್ಮನ್ನು ಟೋಪಿಯ ಬಣ್ಣದಿಂದ ಗುರುತಿಸುತ್ತಾನೆ.

‘ಕಳೆದ ನಾಲ್ಕು ವಾರದಲ್ಲಿ ವ್ಯಾಯಾಮ ಎಷ್ಟು ಸಲ?’
ಒಂದು ಸಲವೂ ಇಲ್ಲ ಅಂತ ಬರಿ.
ವ್ಯಾಯಾಮ ರೇಡಿಯೊದಲ್ಲಿ ಬರುತ್ತದೆ,
ಬೆಳಗಿನ ಆರೂವರೆಗೆ, ಪಿಯಾನೊ ಸಮೇತ.
ಇದು ಗೇಟ್‌ಬಾಲ್. ಇಲ್ಲಿಗೆ ನಾವು ಗೆಲ್ಲುವುದಕ್ಕೆ ಬರುತ್ತೇವೆ.

ನೋಡು, ಮೂರು ಬಾಗಿಲು, ನಡುವೆ ಒಂದು ಕಂಬ,
ಕೆಂಪು ಐದು, ಬಿಳಿ ಐದು,
ಕೈಗೊಂದು ಉದ್ದ ಹಿಡಿಯ ಕೊಡತಿ.
ಮೊದಲಿಲ್ಲಿ ಮಿಲ್ಲಿನವರು ದಿಮ್ಮಿ ಒಣಗಿಸುತ್ತಿದ್ದರು;
ಒಂದು ಹನಿ ಬಿದ್ದರೆ ಸಾಕು,
ನೆಲ ಈಗಲೂ ಸೀಡರ್ ಅಂತ ಉಸಿರಾಡುತ್ತದೆ.

‘ಬಾಗಿದಾಗ ನೋವು?’
ಈ ಬೆನ್ನಿಗೆ ಬಾಗುವುದನ್ನು ಯಾರೂ ಕಲಿಸಬೇಕಿಲ್ಲ,
ನಲವತ್ತು ನಾಟಿ ಕಂಡದ್ದು.
ಏಳುವುದೇ ತ್ರಾಸ. ಏಳುವಾಗ ಕೊಡತಿ ಊರಿಕೊಳ್ಳುತ್ತೇನೆ.
ಕೋಲು ಹಿಡಿ ಅಂದಿದ್ದರಲ್ಲ ನಿಮ್ಮ ಡಾಕ್ಟರು,
ಹಿಡಿದಿದ್ದಾಳೆ ಅಂತ ಹೇಳು.

‘ಮನಸ್ಸಿಗೆ ಸಮಾಧಾನ?’
ಆ ನೇರಳೆ ಟೋಪಿ ಕಂಡಿತಾ? ಫುಕಿ.
ಅರವತ್ತೆಂಟರ ಜೂನಿನಲ್ಲಿ ಅವಳ ಗಂಡ
ರಾತ್ರೋರಾತ್ರಿ ನಮ್ಮ ಗದ್ದೆಯ ನೀರು ತಿರುಗಿಸಿಕೊಂಡ.
ನಾನಾಗ ಸೊಸೆ. ಮನೆಯಲ್ಲಿ ಬಾಯಿ ಅತ್ತೆಯದ್ದು,
ನನಗಿದ್ದದ್ದು ಕಿವಿ ಮಾತ್ರ.
ಈಗ ನನ್ನ ನಾಲ್ಕು ಅವಳ ಏಳಕ್ಕೆ ತಗುಲಿತೋ,
ಎರಡನ್ನೂ ಒತ್ತಿ ಇಟ್ಟು
ನನ್ನದನ್ನು ಎಡಗಾಲಲ್ಲಿ ಮೆಟ್ಟಿ,
ಟಕ್!
ನನ್ನದು ಇದ್ದಲ್ಲೇ. ಅವಳದ್ದು ಗೆರೆಯಾಚೆಯ ಹುಲ್ಲಿಗೆ.
ಅಷ್ಟು ವರ್ಷದ ನೀರು
ಆ ಒಂದು ಸದ್ದಿಗೆ ನನ್ನ ಗದ್ದೆಗೆ ವಾಪಸು.
ಆಮೇಲೆ ಚಹಾದ ಹೊತ್ತಿಗೆ, ಅವಳೇ ಹೊಗೆಗಿಟ್ಟು ಮಾಡಿದ
ಮೂಲಂಗಿ ಉಪ್ಪಿನಕಾಯಿ,
ಎಲ್ಲರಿಗಿಂತ ಎರಡು ಹೋಳು ಜಾಸ್ತಿ ನನಗೆ.
ಸಮಾಧಾನಕ್ಕೆ ಐದು ಹಾಕು.

ತಾಳು. ನಾಲ್ಕು ಅಂದರು.


ಹೂಂ. ತಪ್ಪಿತು.
ನೀನು ನೋಡುತ್ತಿದ್ದೆಯಲ್ಲ, ಅದಕ್ಕೇ.

‘ಒಂಟಿತನ?’
ಡಿಸೆಂಬರಿನಿಂದ ಮಾರ್ಚಿಯವರೆಗೆ ಇಲ್ಲಿ ಆಳೆತ್ತರ ಹಿಮ.
ಆಗ ಫೋನಿನಲ್ಲಿ ಆಡುತ್ತೇವೆ:
ಹೋದ ಅಕ್ಟೋಬರಿನ ಪಂದ್ಯವನ್ನೇ
ಒಂದೊಂದು ಚೆಂಡಾಗಿ ನೆನೆದು ಜಗಳ.
ಇಸೆ ಮಾತ್ರ ಕಡೆಗೂ ಒಪ್ಪಲಿಲ್ಲ
ತನ್ನ ಚೆಂಡು ಗೆರೆ ದಾಟಿತ್ತು ಅಂತ.
ಜನವರಿಯಲ್ಲಿ ಹೋದಳು, ಒಪ್ಪದೆಯೇ.
ಅವಳ ಹತ್ತನ್ನು ನಾವು ಸರದಿಯ ಮೇಲೆ ಹೊಡೆಯುತ್ತೇವೆ;
ಯಾರ ಕೈಗೂ ಅದು ನೆಟ್ಟಗೆ ಉರುಳುವುದಿಲ್ಲ.
ನನಗಂತೂ ಅನುಮಾನ ಇದೆ,
ದಾಟಿರಲಿಲ್ಲವೇನೋ.

‘ಮುಂದಿನ ದಿನಗಳ ಬಗ್ಗೆ ಉತ್ಸಾಹ?’
ಆ ಕಂಬ ನೋಡು.
ಮೂರು ಬಾಗಿಲು ದಾಟಿ ಬಂದ ಚೆಂಡು
ಅದಕ್ಕೆ ತಾಗಿದರೆ ಎರಡು ಅಂಕ, ಚಪ್ಪಾಳೆ.
ಆಮೇಲೆ ಚೆಂಡನ್ನು ಎತ್ತಿ ಹೊರಗಿಡುತ್ತಾರೆ.
ಆಟ ನಡೆಯುತ್ತಿರುತ್ತದೆ, ನೀನು ಬೆಂಚಿನಲ್ಲಿ.
ನನ್ನದು ಮೂರೂ ದಾಟಿದೆ.
ಕಂಬಕ್ಕೆ ಒಂದು ಗೇಣು ಈಚೆ ನಿಂತಿದೆ.
ತಪ್ಪಿತು ಅಂದೆನಲ್ಲ,
ಅದನ್ನು ಬರೆಯಬೇಡ. ಫುಕಿಗೂ ಹೇಳಬೇಡ,
ಅವಳಿಗೆ ಗೊತ್ತು. ಅವಳೂ ಮೂರು ಸಲ ತಪ್ಪಿಸಿದ್ದಾಳೆ.

ಪೆನ್ನು ಇಡು ಈಗ. ಹತ್ತು ಅಂದರು, ಇಸೆಯ ಸರದಿ.
ಇಕೋ ಕೊಡತಿ.
ಕಾಲು ಅಗಲ ಮಾಡು. ಇನ್ನೂ.
ಚೆಂಡನ್ನು ನೋಡು, ನನ್ನನ್ನಲ್ಲ.
ಬಾಗು. ಬಾಗೇ ಅಂದರೆ!
ಅಯ್ಯೋ, ಇಪ್ಪತ್ತಾರಕ್ಕೇ ಇಷ್ಟು ಸೆಟೆದ ಸೊಂಟ!
ನಿನಗೆಷ್ಟು ಹಾಕಲಿ, ಮಗಳೇ,
ಒಂದರಿಂದ ಐದರೊಳಗೆ?